ಹಡಗಿನ ಆಚೆ ಬದಿ

ಹಡಗನ್ನು ಹೊರಗೆ ತೆಗೆಯದೆ ರಾಯಣ್ಣನ ಶವವನ್ನು ಒಳಗೆ ತರುವಂತಿರಲಿಲ್ಲ. ಐದು ಅಡಿ ಉದ್ದದ ಆ ಯುದ್ಧನೌಕೆ ಎರಡು ಸ್ಟೂಲುಗಳ ಮೇಲೆ ಕೂತು ಪಡಸಾಲೆಯನ್ನೆಲ್ಲ ಹಿಡಿದಿತ್ತು. ಮುಂದಿನ ತುದಿಯನ್ನು ಅಣ್ಣ ಉಚ್ಚೆಂಗಪ್ಪ ಹಿಡಿದ, ಹಿಂದಿನದನ್ನು ಗೆಳೆಯ ಭರಮಣ್ಣ. ಬಾಗಿಲಿಗೆ ಬಂದಾಗ ಹಡಗಿನ ನಡುಗಂಬ ಚೌಕಟ್ಟಿಗೆ ತಾಗಿತು.

"ಬಗ್ಗಿಸ್ರಿ ಭಾವ, ತಂತಿ ಹರೀತೈತಿ," ಎಂದಳು ಹುಲುಗಮ್ಮ. ಹಿಂದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಗಂಡನ ಉಸಿರು ನಿಂತ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು.

ಇಬ್ಬರೂ ಮೊಣಕಾಲು ಮಡಿಸಿ, ಹಡಗನ್ನು ಓರೆ ಮಾಡಿ, ಹೊರಗೆ ತಂದರು. ಪಕ್ಕದ ಮನೆಯ ಹುಸೇನಮ್ಮ ತನ್ನ ಕಟ್ಟೆಯ ಮೇಲಿದ್ದ ಕೊಡಗಳನ್ನು ಸರಿಸಿ, ಗೋಡೆಗೆ ಒತ್ತಿ ಇಡಲು ಜಾಗ ಕೊಟ್ಟಳು. ಉಚ್ಚೆಂಗಪ್ಪ ಸೊಂಟ ಹಿಡಿದುಕೊಂಡು ನೇರವಾದ.

"ಎಷ್ಟ್ ಭಾರ ಐತೋ ಇದು! ತಗಡಿಂದು ಅಂದ್ಕೊಂಡಿದ್ದೆ."

"ತಳದಾಗ ಅದಿರು ಕಲ್ಲು ತುಂಬ್ಯಾನ," ಎಂದ ಭರಮಣ್ಣ.

ಬೀದಿಯ ತುದಿಯಲ್ಲಿ ನಿಂತಿದ್ದ ಆಂಬುಲೆನ್ಸಿನಿಂದ ರಾಯಣ್ಣನನ್ನು ಇಳಿಸಿದರು. ಅವನನ್ನು ಮಲಗಿಸಿದ ಜಾಗದಲ್ಲಿ ಸ್ಟೂಲಿನ ಕಾಲುಗಳ ಗುರುತು ಇನ್ನೂ ಇತ್ತು.

ಮೆಟ್ರಿಯಿಂದ ಬಂದ ಬಂಧುಗಳು ಒಳಗೆ ಹೋಗಿ ಅತ್ತು, ಹೊರಗೆ ಬಂದು ಹಡಗು ನೋಡುತ್ತ ನಿಂತರು. ಉಚ್ಚೆಂಗಪ್ಪ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ.

"ನಾಕು ಗಂಟಿಗೆ ಎತ್ತಲೇಬೇಕು, ಹುಲುಗವ್ವ. ನಿನ್ನೆಯಿಂದ ಇಟ್ಕೊಂಡ್ ಕುಂತೀವಿ."

"ಸುಷ್ಮಿ ಗುಂತಕಲ್‌ದಾಗ ಇಳದಾಳ. ಕಾರ್ ಮಾಡ್ಕೊಂಡಾಳಂತ. ಬರ್ತಾಳ."

"ಮೂರು ವರ್ಷ ಅಪ್ಪನ ಕೂಡ ಮಾತಾಡದಾಕಿ ಈಗ ಬಂದು ಏನ್ ಮಾಡ್ತಾಳ?"

ಹುಲುಗಮ್ಮ ಗಂಡನ ಮುಖದ ಮೇಲಿನ ನೊಣ ಓಡಿಸಿದಳು. "ಮಾತು ಬಿಟ್ಟಾಕಿ ಆಕಿ ಒಬ್ಬಾಕಿ ಅಲ್ಲ ಭಾವ," ಎಂದಳು.

*

ರಾಯಣ್ಣ ಮೂವತ್ತು ವರ್ಷ ಅದಿರು ಲಾರಿಗಳಿಗೆ ಬಣ್ಣ ಹೊಡೆದವನು. ಬೆಳಗಿನ ಬಸ್ಸಿಗೆ ಚಿತ್ತವಾಡ್ಗಿಯಿಂದ ಸಂಡೂರಿಗೆ ಹೋಗುತ್ತಿದ್ದ, ಸಂಜೆ ಕೆಂಪು ಧೂಳಿನ ಮೇಲೆ ಹಸಿರು, ಹಳದಿ ಚುಕ್ಕೆ ಹೊತ್ತುಕೊಂಡು ಬರುತ್ತಿದ್ದ. ಅವನು ಬರೆದ ಹದ್ದಿನ ರೆಕ್ಕೆಯ ಗರಿಗಳನ್ನು ಎಣಿಸಬಹುದಿತ್ತು. ಗಣಿ ನಿಂತ ವರ್ಷಗಳಲ್ಲಿ ಶಾಲೆಯ ಕಾಂಪೌಂಡು ಬಳಿದ, ಅಂಗಡಿಯ ಬೋರ್ಡು ಬರೆದ. ಲಾರಿ ಮತ್ತೆ ಓಡತೊಡಗಿದಾಗ ಮತ್ತೆ ಸಂಡೂರಿಗೆ ಹೋದ.

ನೀರು ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಹನ್ನೊಂದು ವರ್ಷದ ತಮ್ಮ ಕಾಲುವೆಯಲ್ಲಿ ಕೊಚ್ಚಿಹೋದ ದಿನ, ಆ ಹುಡುಗ ಬಿಚ್ಚಿಕೊಟ್ಟ ಅಂಗಿಯನ್ನು ಹಿಡಿದು ದಂಡೆಯಲ್ಲಿ ನಿಂತಿದ್ದವನು ರಾಯಣ್ಣನೇ. ಭರಮಣ್ಣ ಹಂಪಿಯಲ್ಲಿ ಹರಿಗೋಲು ಹಾಕುತ್ತಿದ್ದ; ನಲವತ್ತು ವರ್ಷದ ಗೆಳೆತನದಲ್ಲಿ ರಾಯಣ್ಣ ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ.

ಅಂಥವನ ಒಬ್ಬಳೇ ಮಗಳು, ಪಿಯುಸಿ ಮುಗಿಸಿದ ಸುಷ್ಮಿತಾ, ಒಂದು ಮಧ್ಯಾಹ್ನ ಫೋನು ಹಿಡಿದುಕೊಂಡು ಬಂದು, ನೇವಿಗೆ ಆಯ್ಕೆಯಾಗಿದ್ದೇನೆ ಎಂದಳು. ಅರ್ಜಿ ಹಾಕಿದ್ದು, ಓಟದ ಪರೀಕ್ಷೆಗೆ ಹೋಗಿಬಂದದ್ದು ತಾಯಿಗೆ ಮಾತ್ರ ಗೊತ್ತಿತ್ತು.

"ಪೊಲೀಸ್ ಆಗು, ಮಿಲಿಟರಿ ಸೇರು, ನಾ ಬ್ಯಾಡ ಅನ್ನಂಗಿಲ್ಲ," ಎಂದ ರಾಯಣ್ಣ. "ನೀರಂದ್ರ ಏನಂತ ಗೊತ್ತೇನು ನಿನಗ?"

"ಗೊತ್ತಿಲ್ಲ. ಅದಕ್ಕ ಹೊಂಟೀನಿ."

"ಹಡಗ ಹತ್ತಿದ್ರ ನನ್ನ ಕೂಡ ಮಾತಾಡಬ್ಯಾಡ."

"ಹತ್ತೇ ಹತ್ತತೀನಿ, ನೋಡ್ತಿರು," ಎಂದಳು ಸುಷ್ಮಿತಾ. ಇಬ್ಬರ ಗಂಟಲೂ ಒಂದೇ ಥರದ್ದು, ಬೀದಿಗೆಲ್ಲ ಕೇಳಿಸಿತು.

ತರಬೇತಿ ಮುಗಿಸಿ ಅವಳು ಒಮ್ಮೆ ರಜೆಗೆ ಬಂದಳು. ಆ ಹತ್ತು ದಿನ ರಾಯಣ್ಣ ಸಂಡೂರಿನ ಲಾರಿ ಯಾರ್ಡಿನಲ್ಲೇ ಮಲಗಿದ. ಆಮೇಲೆ ಅವಳು ಬರಲಿಲ್ಲ. ವಿಶಾಖಪಟ್ಟಣದಿಂದ ಭಾನುವಾರಕ್ಕೊಮ್ಮೆ ತಾಯಿಗೆ ಫೋನು ಮಾಡುತ್ತಿದ್ದಳು. ಒಂದು ವಾರ ಫೋಟೋ ಕಳಿಸಿದಳು: ಜನರಿಗೆ ಹಡಗು ನೋಡಲು ಬಿಟ್ಟ ದಿನ ತೆಗೆದದ್ದು. ಬಿಳಿ ಸಮವಸ್ತ್ರದಲ್ಲಿ, ಬೂದು ಬಣ್ಣದ ದೊಡ್ಡ ಹಡಗಿನ ಮೂತಿಗೆ ಒತ್ತಿಕೊಂಡು ನಿಂತಿದ್ದಳು.

ಹುಲುಗಮ್ಮ ಫೋನನ್ನು ಗಂಡನ ಮುಂದೆ ಇಟ್ಟು ಅಡುಗೆಮನೆಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ನೋಡಿದರೆ, ಅವನು ಫೋಟೋ ದೊಡ್ಡದು ಮಾಡಿಕೊಂಡು, ಕಡ್ಡಿಯಿಂದ ಏನೋ ಅಳೆಯುತ್ತಿದ್ದ.

"ಸುಷ್ಮಿ ಎಷ್ಟ್ ಎತ್ತರ ಇದಾಳ?" ಎಂದು ಕೇಳಿದ. ಒಂದೂವರೆ ವರ್ಷದಲ್ಲಿ ಅವನ ಬಾಯಲ್ಲಿ ಮಗಳ ಹೆಸರು ಬಂದದ್ದು ಅದೇ ಮೊದಲು.

*

"ಐದಡಿ ಮೂರಿಂಚು," ಎಂದು ಭರಮಣ್ಣ ಕಟ್ಟೆಯ ಮುಂದೆ ನಿಂತವರಿಗೆ ಹೇಳುತ್ತಿದ್ದ. "ಆ ಅಳತಿ ಮ್ಯಾಗ ಇದನ್ನ ಕಟ್ಯಾನ. ಹಡಗ ಎಷ್ಟ್ ಉದ್ದೋ ಅಂತ ಕೇಳಿದ್ರ, ಎಪ್ಪತ್ತಾರು ಸುಷ್ಮಿ ಅಂತಿದ್ದ."

ಜನ ಬಗ್ಗಿ ನೋಡಿದರು. ಖಾಲಿ ಪೇಂಟ್ ಡಬ್ಬಿಗಳನ್ನು ಕತ್ತರಿಸಿ, ತಟ್ಟಿ, ಒಂದರ ಮೇಲೊಂದು ಬೆಸೆದ ಮೈ. ಸುಟ್ಟ ಮೋಟರಿನ ತಾಮ್ರದ ತಂತಿಯಿಂದ ಅಂಚಿನ ಕಟಾಂಜನ. ಪೆನ್ನಿನ ರೀಫಿಲ್ಲು ಫಿರಂಗಿಯ ನಳಿಕೆಯಾಗಿತ್ತು. ಚಹಾ ಸೋಸುವ ಜರಡಿಯ ತುಂಡು ಕಂಬದ ತುದಿಯಲ್ಲಿ ರಾಡಾರ್ ಆಗಿ ತಿರುಗುತ್ತಿತ್ತು. ಲಂಗರಿನ ಸರಪಳಿ ಮಾತ್ರ ಸುಷ್ಮಿತಾಳ ಚಿಕ್ಕಂದಿನ ಕಾಲ್ಗೆಜ್ಜೆಯದು. ಬೂದು ಬಣ್ಣಕ್ಕೇ ಅವನು ಒಂದು ತಿಂಗಳು ತೆಗೆದುಕೊಂಡಿದ್ದ. ಬಿಳಿಗೆ ಕಪ್ಪು ಬೆರೆಸಿದರೆ ಬೂದಿಯಂತೆ ಸತ್ತ ಬಣ್ಣ ಬರುತ್ತಿತ್ತು. ನೀಲಿ ಹೆಚ್ಚಾದರೆ ಶಾಲೆಯ ಗೋಡೆಯಾಗುತ್ತಿತ್ತು. ತಗಡಿನ ಚೂರುಗಳಿಗೆ ಹಚ್ಚಿ, ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಹಿಡಿದು, ಹುಲುಗಮ್ಮನನ್ನು ಕರೆದು ತೋರಿಸುತ್ತಿದ್ದ.

ಕಟ್ಟಿದ್ದು ತೇಲಬೇಕಿತ್ತು. ಅದಕ್ಕಾಗಿ ಅವನೇ ಅದನ್ನು ಆಟೋದಲ್ಲಿ ಹಂಪಿಗೆ ತಂದ. ಭರಮಣ್ಣ ಹರಿಗೋಲು ಕಟ್ಟುವ ಕಡೆ, ಬಂಡೆಗಳ ನಡುವಿನ ನಿಂತ ನೀರಲ್ಲಿ ಇಳಿಬಿಟ್ಟರು. ಹಡಗು ಒಂದು ಕ್ಷಣ ನಿಂತು, ಪಕ್ಕಕ್ಕೆ ವಾಲಿ, ಹೊಟ್ಟೆ ಮೇಲಾಗಿ ಮಗುಚಿತು.

ರಾಯಣ್ಣ ಬಂಡೆಯ ಮೇಲೆ ಕುಸಿದು ಕೂತ. ಅವನ ತುಟಿಗಳು ಬಿಳಚಿಕೊಂಡಿದ್ದವು.

"ಹೊಟ್ಟಿ ಖಾಲಿ ಐತಿ, ಅದಕ್ಕ," ಎಂದ ಭರಮಣ್ಣ. "ತಳದಾಗ ಭಾರ ಬೇಕೋ. ಭಾರ ಇದ್ರ ಅದ ಎದ್ದು ನಿಲ್ತೈತಿ."

ಮುಂದಿನ ವಾರ ರಾಯಣ್ಣ ಸಂಡೂರಿನ ಅದಿರು ಕಲ್ಲುಗಳನ್ನು ತಳಕ್ಕೆ ತುಂಬಿ ಬಂದ. ಹಡಗು ನೇರವಾಗಿ ನಿಂತಿತು. ಭರಮಣ್ಣ ಹುಟ್ಟಿನಿಂದ ನೀರಿಗೆ ಬಡಿದು ಅಲೆ ಎಬ್ಬಿಸಿದ. ಹಡಗು ಬಾಗಿತು, ಎದ್ದಿತು.

"ಇನ್ನೊಮ್ಮಿ," ಎಂದ ರಾಯಣ್ಣ.

ಬಡಿದ.

"ಜೋರಾಗಿ ಹೊಡಿಯೋ. ಸಮುದ್ರ ಅದು."

ಭರಮಣ್ಣನ ತೋಳು ಸೋಲುವವರೆಗೂ ಹಡಗು ಬಾಗಿ ಬಾಗಿ ಎದ್ದಿತು. ಆಗ ಅವನು ತಿರುಗಿ ನೋಡಿದರೆ, ಗೆಳೆಯ ಬಂಡೆಯ ಮೇಲಿರಲಿಲ್ಲ.

"ಲೇ ರಾಯಣ್ಣ, ಎಲ್ಲಿ ನಿಂತೀ ನೋಡ್ಕೋ."

ರಾಯಣ್ಣ ತಲೆ ತಗ್ಗಿಸಿ ನೋಡಿಕೊಂಡ. ತುಂಗಭದ್ರೆ ಅವನ ಸೊಂಟದವರೆಗೆ ಬಂದಿತ್ತು.

*

ಸುಷ್ಮಿತಾ ಬಂದಾಗ ಮೂರೂವರೆ. ಸಮವಸ್ತ್ರದಲ್ಲಿ ಬರುತ್ತಾಳೆಂದು ಕಾದಿದ್ದವರಿಗೆ, ಸುಕ್ಕಾದ ಚೂಡಿದಾರ ತೊಟ್ಟು ಕಾರಿನಿಂದ ಇಳಿದವಳು ಅವಳೇ ಎಂದು ಗೊತ್ತಾಗಲು ಕ್ಷಣ ಹಿಡಿಯಿತು. ಅವಳು ನೇರ ಒಳಗೆ ಹೋಗಿ ಅಪ್ಪನ ಪಾದದ ಬಳಿ ಕೂತಳು. ಜೋರಾಗಿ ಅಳಲಿಲ್ಲ. ಅವನ ಕಾಲಿನ ಹೆಬ್ಬೆರಳ ಉಗುರಿನ ಅಂಚಿನಲ್ಲಿ ಅಂಟಿದ್ದ ಬೂದು ಬಣ್ಣವನ್ನು ತನ್ನ ಉಗುರಿನಿಂದ ಕೆರೆಯಲು ನೋಡಿದಳು.

"ಬಿಡವ್ವ, ಅದು ಹೋಗಂಗಿಲ್ಲ," ಎಂದಳು ಹುಲುಗಮ್ಮ.

ಹೊರಗೆ ಕರೆದುಕೊಂಡು ಬಂದಾಗ ಅವಳು ಹಡಗು ನೋಡಿದಳು. ಮೊದಲು ಯಾರದ್ದೆಂದು ಅರ್ಥವಾಗದವಳಂತೆ ನಿಂತಳು. ಆಮೇಲೆ ಮೂತಿಯ ಮೇಲಿನ ಅಂಕಿ ಓದಿದಳು, ಫೋಟೋದ ಹಡಗಿನದೇ. ಕೈ ಬಾಯಿಗೆ ಹೋಯಿತು.

"ಇದನ್ನ ಯಾರ್ ಮಾಡಿದ್ರು?"

"ನಿಮ್ಮಪ್ಪ," ಎಂದ ಭರಮಣ್ಣ. "ಯಾಕವ್ವ, ನಿಮ್ಮವ್ವ ಹೇಳಿಲ್ಲೇನು?"

"ಹೇಳಬ್ಯಾಡ ಅಂದಿದ್ರು," ಎಂದಳು ಹುಲುಗಮ್ಮ. "ಮುಗದ ಮ್ಯಾಲ ತಾನ ಹೇಳ್ತೀನಿ ಅಂದಿದ್ರು."

ಹುಸೇನಮ್ಮ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು: "ಇದರಾಗ ನೀ ಎಲ್ಲಿ ಇರ್ತೀಯವ್ವ? ಎಲ್ಲಿ ಮಲಗ್ತಿ?"

ಸುತ್ತ ನಿಂತವರೆಲ್ಲ ಅವಳ ಬೆರಳು ಎಲ್ಲಿಗೆ ಹೋಗುತ್ತದೆಂದು ನೋಡಿದರು. ಸುಷ್ಮಿತಾ ಕೈ ಎತ್ತಲಿಲ್ಲ. "ಒಳಗ," ಎಂದಳು.

ನಾಲ್ಕಾಯಿತು. ಚಟ್ಟಕ್ಕೆ ಹೂ ಏರಿಸುವಾಗ ಉಚ್ಚೆಂಗಪ್ಪ ಹಡಗಿನ ಬಳಿ ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು. "ಅವನ ಜೀವ ಎಲ್ಲಾ ಇದರಾಗ ಇತ್ತು. ಅವನ ಕೂಡ ಕುಣ್ಯಾಗ ಇಡೋಣು. ಭರಮಣ್ಣ, ಆ ಕಡೆ ಹಿಡಿ."

ಅವರು ಎತ್ತಿ ತಿರುಗಿಸಿದರು.

ಗೋಡೆಯ ಕಡೆಗಿದ್ದ ಬದಿ ಬರೀ ತಗಡು. ಬಣ್ಣವಿಲ್ಲ, ಕಟಾಂಜನವಿಲ್ಲ, ಏಣಿಯಿಲ್ಲ. ಪೇಂಟ್ ಡಬ್ಬಿಗಳ ಹಳೆಯ ಅಕ್ಷರಗಳು ತುಂಡು ತುಂಡಾಗಿ ಕಾಣುತ್ತಿದ್ದವು.

"ಇಳಸ್ರಿ ಭಾವ," ಎಂದಳು ಹುಲುಗಮ್ಮ. "ಅದು ಇನ್ನೂ ಮುಗದಿಲ್ಲ."

"ಈ ಕಡೆ ಯಾಕ ಹಿಂಗ ಬಿಟ್ಟಾನ?"

"ಫೋಟೋದಾಗ ಒಂದ ಕಡೆ ಕಾಣ್ತಿತ್ತು. ಎರಡೂ ಕಡೆ ಒಂದ ಥರ ಇರ್ತೈತಿ, ಬಳೀರಿ ಅಂತ ನಾನೂ ಹೇಳಿದೆ. ಇಲ್ಲ, ಲಾರಿ ಬ್ಯಾರೆ ಇದು ಬ್ಯಾರೆ, ನೋಡದ ಬರೀಬಾರದು, ಆಕಿನ್ನ ಕೇಳಬೇಕು ಅಂದ್ರು. ಕೇಳ್ರಿ ಅಂದ್ರ, ನಾಳಿ ಕೇಳ್ತೀನಿ, ನಾಳಿ ಕೇಳ್ತೀನಿ. ಐದು ತಿಂಗಳಾತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೊನ್ನೆ, ಆಕಿಗೆ ಯಾವಾಗ ಬಿಡುವು ಇರ್ತೈತಿ ಅಂದ್ರು. ಆಯ್ತವಾರ ಅಂದೆ."

ಚಟ್ಟ ಎತ್ತುವ ಈ ದಿನ ಶನಿವಾರ, ಭಾನುವಾರ ಮರುದಿನ.

ಸುಷ್ಮಿತಾ ಹೆಂಗಸರ ಜೊತೆ ಉಳಿಯದೆ ಚಟ್ಟದ ಹಿಂದೆಯೇ ನಡೆದಳು. ಯಾರೂ ತಡೆಯಲಿಲ್ಲ. ಕುಣಿಗೆ ಮೂರು ಹಿಡಿ ಮಣ್ಣು ಹಾಕಿದಳು. ನಾಲ್ಕನೆಯದು ಹಿಡಿದವಳು ಅದನ್ನು ಬಿಡದೆ ನಿಂತಾಗ ಭರಮಣ್ಣ ಅವಳ ಮುಷ್ಟಿ ಬಿಡಿಸಿದ.

*

ಹಿತ್ತಲಲ್ಲಿ ಹುಲುಗಮ್ಮ ಮಗಳ ಕೈಗೆ ನೀರು ಹಾಕುತ್ತಿದ್ದಳು. ಇನ್ನೂ ಬೆಳಕಿತ್ತು.

"ಅವ್ವ, ನಾ ಹಡಗದಾಗ ಇಲ್ಲ."

"ಹಂಗಂದ್ರ?"

"ಗೋಡೌನ್‌ದಾಗ ಅದೀನಿ. ದಂಡಿ ಮ್ಯಾಗ. ಮೊದಲಿಂದನೂ ಅಲ್ಲೇ. ಹಡಗಕ್ಕ ಹೋಗೋ ಹಗ್ಗ, ಬೂಟು, ಕಂಬಳಿ ಕೊಡೋದು ನನ್ನ ಕೆಲಸ. ಆ ಬೂದು ಬಣ್ಣದ ಡಬ್ಬಿ ಸೈತ ನಾನ ಕೊಡೋದು."

ತಂಬಿಗೆ ವಾಲಿದಲ್ಲೇ ನಿಂತಿತು.

"ಫೋಟೋ?"

"ಅವತ್ತು ಜನ ಲೈನ್ ಹಚ್ಚಿ ಹಡಗ ಹತ್ತತಿದ್ರು. ಅವರ ಕೂಡ ನಿಂತು ಹತ್ತಾಕ ನಾಚಿಕಿ ಆತು. ಮುಂದ ನಿಂತು ಫೋಟೋ ತಗಸ್ಕೊಂಡೆ, ಅಷ್ಟ. ಹತ್ತಿಲ್ಲ ಅಂತ ಅಪ್ಪಗ ಗೊತ್ತಾದ್ರ ನಾ ಸೋತಂಗ ಅನಿಸ್ತು."

"ಹೋದ ವರ್ಷ ಸಮುದ್ರದಾಗ ತುಫಾನ್ ಬಂದಾಗ?"

"ಗೋಡೌನ್‌ದಾಗ ಕಂಬಳಿ ಎಣಸ್ತಿದ್ದೆ."

ಹುಲುಗಮ್ಮ ತೊಟ್ಟಿಯ ಅಂಚಿಗೆ ಕೂತಳು. "ಎರಡು ದಿನ ಉಣಲಿಲ್ಲ ಅವರು. ಟೀವಿ ಮುಂದ ಕುಂತಿದ್ರು. ನಾ ಫೋನ್ ಹಚ್ಚಿದ್ರ ನಿಂದು ಹತ್ತಲಿಲ್ಲ." ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಒಂದು ಮಾತು, ಸುಷ್ಮಿ. ಒಂದ ಒಂದು ಮಾತು ಹೇಳಿದ್ರ ಆಗ್ತಿತ್ತು."

ಮಗಳು ಆಗ ಅತ್ತಳು, ಬಾಯಿ ತೆರೆದು, ಚಿಕ್ಕವಳಂತೆ. ಹುಲುಗಮ್ಮ ಹತ್ತಿರ ಎಳೆದುಕೊಳ್ಳಲಿಲ್ಲ, ದೂರವೂ ತಳ್ಳಲಿಲ್ಲ. ಅಳು ಇಳಿಯುವವರೆಗೆ ಕಾದು, ತಂಬಿಗೆಯಲ್ಲಿ ಉಳಿದ ನೀರನ್ನು ಅವಳ ಕೈಗೆ ಸುರಿದಳು.

"ಹಡಗದ ಆ ಕಡೆ ಹೆಂಗೈತಿ, ನೋಡ್ಕೊಂಡ್ ಬಾ," ಎಂದಳು. "ನೀನ ಹೋಗಿ ನೋಡ್ಕೊಂಡ್ ಬಾ."

*

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಸುಷ್ಮಿತಾ ವಿಶಾಖಪಟ್ಟಣಕ್ಕೆ ಮರಳಿದಳು. ಆ ಹಡಗು ಆಗ ಬಂದರಿನಾಚೆ ಲಂಗರು ಹಾಕಿತ್ತು. ಅದಕ್ಕೆ ಸಾಮಾನು ಒಯ್ಯುವ ದೋಣಿಯಲ್ಲಿ ಒಂದು ಸಲ ತನ್ನನ್ನೂ ಕಳಿಸಬೇಕೆಂದು ಅವಳು ಗೋಡೌನಿನ ಮೇಲಧಿಕಾರಿಯನ್ನು ಕೇಳಿದಳು. ಕಾರಣ ಕೇಳಿದಾಗ, ಮನೆಯಲ್ಲಿ ಹೇಳಿಕಳಿಸಿದ್ದಾರೆ ಎಂದಳು. ಅವರು ಅವಳ ಮುಖ ನೋಡಿ ಒಪ್ಪಿದರು.

ಬೆಳಗಿನ ಒಂಬತ್ತಕ್ಕೆ ದೋಣಿ ದಡ ಬಿಟ್ಟಿತು. ಅವಳು ತೆರೆದ ಸಮುದ್ರಕ್ಕೆ ಹೋದದ್ದು ಅದೇ ಮೊದಲು. ಬಂದರಿನ ಬಾಯಿ ದಾಟುತ್ತಲೇ ತಳ ಎದ್ದು ಬಿದ್ದಿತು. ಸಾಮಾನು ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೆದರಿಕೆ ಬಂತು. ಅಪ್ಪ ಹೇಳಿದ್ದು ಇದನ್ನೇ ಎಂದು ಗೊತ್ತಾಯಿತು.

ದೋಣಿ ಹಡಗಿನ ಮೂತಿಯನ್ನು ಸುತ್ತಿ ಆಚೆ ಬದಿಗೆ ಬಂತು. ಎರಡು ಬದಿ ಒಂದೇ ಥರ ಇರಲಿಲ್ಲ. ಈ ಕಡೆ ದೋಣಿ ತೂಗುಹಾಕುವ ಕೊಕ್ಕೆಗಳು ಬರಿದಾಗಿದ್ದವು, ಏಣಿ ಹಿಂದಕ್ಕಿತ್ತು, ನೀರು ಇಳಿದ ಕಡೆಯೆಲ್ಲ ತುಕ್ಕಿನ ಉದ್ದ ಗೆರೆಗಳಿದ್ದವು. ನಡುವಿನಲ್ಲಿ, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಇಬ್ಬರು ನಾವಿಕರು ಸಮುದ್ರದ ಮೇಲೆ ಕಾಲು ತೂಗಿ ಕೂತು ಬಣ್ಣ ಬಳಿಯುತ್ತಿದ್ದರು. ಅವರ ಎಡಕ್ಕೆ ಹೊಸ ಬೂದು ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು. ಬಲಕ್ಕೆ ಇನ್ನೂ ಕೆರೆದ ಕಬ್ಬಿಣ.

ಒಬ್ಬ ಕೆಳಗೆ ನೋಡಿ, ಬಣ್ಣ ಬಂತೇ ಎಂದು ಹಿಂದಿಯಲ್ಲಿ ಕೂಗಿ ಕೇಳಿದ.

ಸುಷ್ಮಿತಾ ಹಗ್ಗ ಬಿಟ್ಟಳು. ಅಲುಗುವ ದೋಣಿಯಲ್ಲಿ ಕಾಲು ಅಗಲಿಸಿ ಎದ್ದು ನಿಂತು, ಸಾಮಾನಿನಲ್ಲಿದ್ದ ಬೂದು ಬಣ್ಣದ ಡಬ್ಬಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದಳು.