ಹಸಿರು ಗುರುತು

ಕರೆಂಟ್ ಹೋಗಿ ಬಂದ ಮೇಲೆ ಕಣ್ಣಾಸ್ಪತ್ರೆಯ ಕಂಪ್ಯೂಟರ್ ಎರಡೇ ಸೆಕೆಂಡಿನಲ್ಲಿ ತನ್ನ ಜರ್ನಲ್ ಎಂಬ ದಿನಚರಿ ಓದಿಕೊಂಡು, ಎಲ್ಲ ಸರಿಯಿದೆಯೆಂದು ಹಸಿರು ಗುರುತು ತೋರಿಸಿತು. ಕೇಳುವ ಮೊದಲೇ ‘ಎಲ್ಲ ಸರಿಯಿದೆ’ ಅನ್ನುವವರನ್ನು ಅಲ್ಲಿ ಕಣ್ಣಿನ ಸ್ಕ್ಯಾನ್ ತೆಗೆಯುವವಳು ಎಂದೂ ನಂಬಿದವಳಲ್ಲ.

“ಜರ್ನಲ್ ಇರೋದೇ ಅದಕ್ಕೆ ಕಣಮ್ಮ, ಮಾಡೋ ಕೆಲಸನ ಮೊದಲೇ ಬರೆದಿಟ್ಕೊಂಡಿರುತ್ತೆ. ನಿನಗೆ ನಿನ್ನ ನೆರಳಿನ ಮೇಲೂ ಅನುಮಾನ!” ಎಂದು ನಕ್ಕರು, ಆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಅವಳ ಭಾವ.

ಅವಳು ಕರೆಂಟ್ ಹೋಗುವ ಮುಂಚೆ ತೆಗೆದಿದ್ದ ಕೊನೆಯ ಸ್ಕ್ಯಾನ್ ತೆರೆದಳು. ರೋಗಿಯ ಹೆಸರು, ತಾರೀಕು, ಫೈಲಿನ ಗಾತ್ರ ಒಂದೂ ತಪ್ಪಿರಲಿಲ್ಲ. ಒಳಗೆ ಮಾತ್ರ ಕಣ್ಣಿನ ಚಿತ್ರದ ಬದಲು ಬರೀ ಸೊನ್ನೆಗಳು.

“ನಿಮ್ಮ ಜರ್ನಲ್ ಫೈಲಿನ ಹೆಸರು ವಿಳಾಸ ಅಷ್ಟೇ ಬರೆದಿಟ್ಕೊಂಡಿದೆ, ಒಳಗಿನ ಚಿತ್ರಾನಲ್ಲ, ಭಾವ.”

“ಬ್ಯಾಕಪ್ ಇದ್ಯಲ್ಲ!”

ತೆರೆದು ನೋಡಿದರು. ಅದು ಕರೆಂಟ್ ಬಂದ ಕೂಡಲೇ ಅವೇ ಸೊನ್ನೆಗಳನ್ನು ಚಾಚೂ ತಪ್ಪದೆ ನಕಲು ಮಾಡಿಕೊಂಡಿತ್ತು. ಪಕ್ಕದಲ್ಲೇ ಇನ್ನೊಂದು ಹಸಿರು ಗುರುತು.