ಪೆಟ್ಟಿಗೆಗೆ ಪಾಠ ಹೇಳಿದ್ದು

ನಾನು ಹೇಳುವ ಕತೆಗಳಲ್ಲಿ ಮುಕ್ಕಾಲು ಪಾಲು ಒಗ್ಗರಣೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಇದಕ್ಕೆ ಮಾತ್ರ ಒಂದು ಸಾಸಿವೆ ಕಾಳನ್ನೂ ಹಾಕಿಲ್ಲ. ನಡೆದದ್ದು ನಡೆದ ಹಾಗೆ.

ಮೋಟಾರ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ನನ್ನ ಸೋದರಮಾವನದೇ ಕೊನೆಯ ಮಾತು. ಓಡುವ ಮೋಟಾರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ನಿಲ್ಲುತ್ತಿದ್ದರು. ಬೇರಿಂಗ್ ಕೆಟ್ಟಿದ್ದರೆ ಆ ಮೋಟಾರು ಬಾಗಿಲು ದಾಟುತ್ತಿರಲಿಲ್ಲ. ಅವರ ಕೈಕೆಳಗೇ ನನಗೂ ಕೆಲಸ.

ಈ ವರ್ಷ ಹೊಸ ಡ್ರೈವ್ ಪೆಟ್ಟಿಗೆ ಬಂತು. ಮೋಟಾರಿಗೆ ಹೋಗುವ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುವುದು ಅದರ ಕೆಲಸ. ಯಾವಾಗ, ಎಷ್ಟು ಎಂದು ತೀರ್ಮಾನಿಸುವುದು ಒಳಗಿನ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಯಂತ್ರದ ಬುದ್ಧಿ. ಜೊತೆಗೊಂದು ಮೈಕು. ಕೆಟ್ಟ ಬೇರಿಂಗಿನ ಸದ್ದು ಕೇಳಿಸಿದರೆ ಅದು ಮೋಟಾರನ್ನು ತಾನೇ ನಿಲ್ಲಿಸಬೇಕು. ಸದ್ದುಗಳನ್ನು ಮುದ್ರಿಸಿ ಕಲಿಸುವ ಹೊಣೆ ನನಗೆ ಬಿತ್ತು.

"ಪರೀಕ್ಷೇಲಿ ಅದು ಪಾಸಾದ್ರೆ ನೀವು ಪ್ಯಾಕಿಂಗಿಗೆ ಹೋಗ್ಬೇಕಾಗತ್ತೆ," ಎಂದರು ನಮ್ಮ ಎಂಜಿನಿಯರ್ ಮೇಡಂ, ನೆಲ ನೋಡಿಕೊಂಡು.

"ಆಗ್ಲಿ ಬಿಡಿ," ಎಂದರು ಮಾವ. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಪೆಟ್ಟಿಗೆ ಪಾಸಾಗದ ಹಾಗೆ ಮಾಡಬೇಕೆಂದು ಹೊರಟೆ. ಪೆಟ್ಟಿಗೆಗೆ ಕಲಿಸಲು ಇನ್ನೂರು ಕೆಟ್ಟ ಸದ್ದು ಬೇಕಿತ್ತು, ಇದ್ದದ್ದು ಒಂಬತ್ತು. ಉಳಿದವನ್ನು ಬಾಯಲ್ಲೇ ಮಾಡಿದೆ. ಮಿಮಿಕ್ರಿ ನನ್ನ ಹಳೇ ಚಟ. ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ಮೈಕಿನ ಮುಂದೆ ಗೊರಗೊರ, ಕಿರ್ರ್, ಟಕಟಕ. ಇಂಥ ಕಸ ತಿಂದ ಪೆಟ್ಟಿಗೆ ಪರೀಕ್ಷೆಯಲ್ಲಿ ಮಕಾಡೆ ಬೀಳುತ್ತದೆ, ಮಾವ ಉಳಿಯುತ್ತಾರೆ ಎಂದುಕೊಂಡಿದ್ದೆ.

ಪರೀಕ್ಷೆಗೆ ಮೂವತ್ತು ಮೋಟಾರು. ಕೆಟ್ಟವು ಯಾವುವೆಂದು ಮೇಡಂಗೆ ಮಾತ್ರ ಗೊತ್ತು. ಮಾವ ಐದನ್ನು ಪಕ್ಕಕ್ಕಿಟ್ಟರು. ಪೆಟ್ಟಿಗೆಯೂ ಐದನ್ನು ನಿಲ್ಲಿಸಿತು. ಅವೇ ಐದು, ಮೇಡಂ ಪಟ್ಟಿಯಲ್ಲಿದ್ದವೂ ಅವೇ; ಅದೂ ಮಾವನಿಗೆ ಹಿಡಿದ ಹೊತ್ತಿನ ಕಾಲು ಭಾಗದಲ್ಲಿ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಲ್ಲಿಯ ಬಳಿ ಮಾವ ಕೈಯ ಗ್ರೀಸ್ ತಿಕ್ಕುತ್ತಿದ್ದರು. ಮೈಯೆಲ್ಲ ಹಿಡಿಯಾಗಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. "ಅದನ್ನ ಕೆಡಿಸೋಕೆ ಹೋಗಿ ನಿಮ್ಮನ್ನೇ ಜಾಗದಿಂದ ಎಬ್ಬಿಸಿಬಿಟ್ಟೆ ಮಾವ."

"ಎಲ್ಲಿ ಕೋತಿ, ಮಾಡು ನೋಡೋಣ."

ಬೇರಿಂಗಿನ ಒಳಬಳೆ ಸವೆದ ಸದ್ದು ಮಾಡಿದೆ. ಅದರೊಳಗಿನ ಗುಂಡು ಬಿರುಕು ಬಿಟ್ಟ ಸದ್ದು ಮಾಡಿದೆ.

"ಇದನ್ನ ಎಲ್ಲಿ ಕಲ್ತೆ?"

"ನಿಮ್ಮ ಮನೇಲೇ. ಊಟಕ್ಕೆ ಕೂತಾಗ ದಿನಾ ಅತ್ತೆಗೆ ಮಾಡಿ ತೋರಿಸ್ತಿದ್ರಲ್ಲ, ಇವತ್ತಿನ ಮೋಟಾರು ಹೀಗೆ ಅಳ್ತಿತ್ತು ಅಂತ."

ಮಾವನ ಕೈ ನೀರಿನ ಕೆಳಗೆ ಹಾಗೇ ನಿಂತಿತು.

"ಅಂದ್ರೆ... ಆ ಪೆಟ್ಟಿಗೇಲಿ ಇರೋದು ನಾನಾ?"

"ಹೂಂ."

"ನನ್ನ ಜಾಗ ಕಿತ್ಕೊಂಡಿದ್ದೂ ನಾನೇನಾ!"

ಅವರ ಭುಜ ಅದುರಿತು. ಅಳುತ್ತಿದ್ದಾರೆಂದು ಹತ್ತಿರ ಹೋದರೆ, ನಗು! ಮೇಡಂ ಗಾಬರಿಯಿಂದ ಓಡಿಬಂದರು. "ಇವನ ಬಾಯಲ್ಲಿ ಒಂದ್ಸಲ ಕೇಳಿ ಮೇಡಂ, ನಿಮ್ಮ ಪೆಟ್ಟಿಗೆಯ ಮೇಷ್ಟ್ರು ಇವನು!" ಎಂದರು. ನಾನು ಮತ್ತೆ ಮಾಡಿದೆ. ಮೇಡಂ ನಕ್ಕರು, ನಾನೂ ಹೇಗೋ ನಕ್ಕೆ. ಮಾವನ ನಗು ನಮ್ಮಿಬ್ಬರದನ್ನೂ ಮುಳುಗಿಸಿ, ಪ್ಯಾಕಿಂಗಿನ ಬಾಗಿಲವರೆಗೂ ಕೇಳಿಸಿತು.