ಕಮಲಮ್ಮನ ಎಡಗೈ

"ತಿಂಗಳಿಗೆ ಹದಿನೆಂಟು ಸಾವಿರ ಸುರೀತಿದೀವಿ. ಒಂದ್ ದಿನ ಮುದುಕೀನ ಒಬ್ಳೇ ನೋಡ್ಕೊಳ್ಳೋಕಾಗಲ್ವಾ ನಿಂಗೆ?"

ಶೈಲಜಾ ಮೇಡಂ ಮದುವೆಗೆ ಉಟ್ಟ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದರು. ನಾನು ಅವರ ಅತ್ತೆ ಕಮಲಮ್ಮನ ಕುಂಡಿ ತೊಳೆಯುತ್ತಿದ್ದೆ. ಅಮ್ಮನ ಉಸಿರು ಸರಿಯಿಲ್ಲ, ಇವತ್ತು ದಾವಣಗೆರೆಗೆ ಹೋಗಬ್ಯಾಡ್ರಿ ಎಂದದ್ದೇ ನನ್ನ ತಪ್ಪು. ಆ ಹದಿನೆಂಟರಲ್ಲಿ ನನ್ನ ಕೈಗೆ ಬರುವುದು ಎಂಟು. ಮಿಕ್ಕಿದ್ದು ನನ್ನನ್ನು ಕಳಿಸಿದ ಏಜೆನ್ಸಿಯ ಹೊಟ್ಟೆಗೆ. ಯಾರ ಮುಂದೆ ಹೇಳಿಕೊಳ್ಳಲಿ?

"ಏಯ್, ಕೈ ದೂರ ಇಡು."

ಮೈ ಒರೆಸುವಾಗೆಲ್ಲ ಇದೊಂದು ಕಟ್ಟಳೆ. ಕಮಲಮ್ಮನ ಕೊರಳಿನ ಲಿಂಗವನ್ನು ಮೇಡಂ ಬಂದು ಎತ್ತಿ ಹಿಡಿಯಬೇಕು, ಆಮೇಲೆ ನಾನು ಒರೆಸಬೇಕು. ನಾನು ಹೇಲು ಉಚ್ಚೆ ಮುಟ್ಟಬಹುದು, ಲಿಂಗ ಮುಟ್ಟಬಾರದು. ಬಂದ ಮೊದಲ ದಿನವೇ ಯಾವ ಜನ ಎಂದು ಕೇಳಿದ್ದರು. ಸುಳ್ಳು ಹೇಳುವ ಬುದ್ಧಿ ಬರಲಿಲ್ಲ, ಹೊಲೇರು ಎಂದುಬಿಟ್ಟಿದ್ದೆ.

ಗಂಡ ಹೆಂಡತಿ ಕಾರು ಹತ್ತಿ ಹೋದರು. ಮಧ್ಯಾಹ್ನ ಕಮಲಮ್ಮನ ಗಂಟಲು ಗೊರಗೊರ ಎನ್ನತೊಡಗಿತು. ಇನ್ನೇನೂ ಮಾಡುವಂತಿಲ್ಲ ಎಂದು ಆಸ್ಪತ್ರೆಯವರು ಮೊದಲೇ ಮನೆಗೆ ಕಳಿಸಿದ್ದರು. ಕಮಲಮ್ಮ ನನ್ನ ತೋಳು ಹಿಡಿದರು.

"ಮಹಾನಂದಾ, ಎಬ್ಬಿಸಿ ಕುಂದ್ರಿಸವ್ವ. ಲಿಂಗ ಕೈಯಾಗ ಕೊಡು. ಮಲಗಿದ್ದಂಗ ಹೋಗಬಾರ್ದು ನಾನು."

ಅವರ ಪೈಕಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ, ಕೈಯಲ್ಲಿ ಲಿಂಗವಿರಬೇಕು. ಫೋನ್ ಮಾಡಿದೆ. ವಾಲಗದ ಸದ್ದಿನ ನಡುವೆ ಮೇಡಂ ಕಿರುಚಿದರು.

"ನೀನ್ ಮುಟ್ಟಬೇಡ. ಈಗ್ಲೇ ಹೊರಡ್ತೀವಿ. ನಾವ್ ಬರೋವರ್ಗೂ ಕಾಯಿ."

ಯಾರು ಕಾಯಬೇಕು? ಸಾವಿಗೂ ಏಜೆನ್ಸಿಯವನು ಡ್ಯೂಟಿ ಹಾಕಿಕೊಡುತ್ತಾನೆಯೇ? ದಾವಣಗೆರೆಯಿಂದ ಬೆಂಗಳೂರಿನ ಈ ಕುಂದಲಹಳ್ಳಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಕಮಲಮ್ಮ ನನ್ನನ್ನೇ ನೋಡುತ್ತಿದ್ದರು. ಹಾಳಾಗಿ ಹೋಗಲಿ ಇವರ ಮಡಿ ಎಂದುಕೊಂಡು ಹಿಂದೆ ಕೂತು ಅವರನ್ನು ಎದೆಗೆ ಒರಗಿಸಿಕೊಂಡೆ. ಕೊರಳಿನ ಶಿವದಾರ ಸಡಿಲಿಸಿ ಲಿಂಗವನ್ನು ಅವರ ಎಡಗೈಯಲ್ಲಿಟ್ಟೆ. ಅದು ಅಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಅವರು ಬೆರಳು ಮಡಚಿ ಗಟ್ಟಿಯಾಗಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಮೇಡಂಗೆ ಫೋನ್ ಮಾಡಿ ಹೇಳಿ, ಏಜೆನ್ಸಿಯ ಬಸಲಿಂಗನಿಗೂ ತಿಳಿಸಿದೆ.

"ಪೇಶಂಟ್ ಹೋಯ್ತಾ? ಹಂಗಾದ್ರೆ ಇನ್ಮೇಲೆ ದುಡ್ಡಿಲ್ಲ ಕಣಮ್ಮ. ಸರ್ಜಾಪುರದಾಗೆ ಒಂದು ಅಜ್ಜ ಐತೆ, ಹೊರಡು."

"ನಾ ಎದ್ರ ಅಮ್ಮಾರು ಬೀಳ್ತಾರ್ರೀ."

"ಹೆಣ ಬಿದ್ರೆ ನಿಂಗೇನೇ, ಬೋಳಿ?"

ಫೋನ್ ಇಟ್ಟೆ. ಹೋಗಲಿಲ್ಲ. ಮಲಗಿಸಿದರೆ ಮೈ ಸೆಟೆದು ಮತ್ತೆ ಕೂರಿಸಲು ಬರುವುದಿಲ್ಲ. ಕಾಲು ಜೋಮು ಹಿಡಿದರೂ ಆತುಕೊಂಡೇ ಇದ್ದೆ. ನಮ್ಮವ್ವ ಸತ್ತಾಗ ನಾನು ಇಂಥದೇ ಯಾರದೋ ಮನೆಯಲ್ಲಿ ಡ್ಯೂಟಿಯಲ್ಲಿದ್ದೆ, ಅಳುವುದಕ್ಕೂ ರಜೆ ಸಿಕ್ಕಿರಲಿಲ್ಲ. ಎರಡೂ ಸಾವಿನ ಅಳು ಈಗ ಒಟ್ಟಿಗೇ ಅತ್ತುಬಿಟ್ಟೆ.

ಕತ್ತಲಾದ ಮೇಲೆ ಬಂದರು, ಜೊತೆಗೆ ಸಮಾಧಿ ಮಾಡಿಸುವ ಒಬ್ಬರು ಅಯ್ಯನವರು. ಮೇಡಂ ಕಣ್ಣು ನೆಟ್ಟಗೆ ಅತ್ತೆಯ ಕೈಗೆ ಹೋಯಿತು.

"ಮುಟ್ಟಿದೆಯೇನೇ, ದರಿದ್ರದವಳೇ?"

"ಅವರೇ ಕೇಳಿದ್ರು ರೀ."

ಅಯ್ಯನವರು ಬಾಗಿಲಲ್ಲೇ ನಿಂತರು. "ಹಿಂಗೇ ಸಮಾಧಿ ಮಾಡಾಕ ಬರಂಗಿಲ್ಲ. ಲಿಂಗ ತೆಗೀರಿ, ಶುದ್ಧಿ ಮಾಡಿ ಕೊಡ್ತೀನಿ" ಎಂದರು.

ಮಗ ಕೊಟ್ರೇಶ್ ಸಾರ್ ತಾಯಿಯ ಬೆರಳು ಬಿಡಿಸಲು ನೋಡಿದರು. ಬರಲಿಲ್ಲ. ಮೇಡಂ ಎಳೆದು ನೋಡಿದರು. ಬೆರಳು ಸೆಟೆದಿದ್ದವು, ಬಲ ಹಾಕಿದರೆ ಮುರಿಯುತ್ತಿದ್ದವು. ಸಾರ್ ಗೋಡೆಗೆ ಮುಖ ಮಾಡಿ ಅಳತೊಡಗಿದರು.

ಮೇಡಂ ಪರ್ಸ್ ತೆಗೆದರು.

"ನೀನೇ ಬಿಡಿಸು. ಇದಕ್ಕೆ ಬೇರೆ ಕೊಡ್ತೀನಿ. ಎಷ್ಟು ಬೇಕು ಹೇಳು."

ಎಲ್ಲರೂ ನೋಡುತ್ತಿದ್ದಂತೆ ಕಮಲಮ್ಮನ ಮುಷ್ಟಿಯ ಮೇಲೆ ನನ್ನ ಕೈ ಮುಚ್ಚಿದೆ.

"ಬಿಡಸಂಗಿಲ್ಲ ರೀ" ಅಂದೆ.